ಹಸುಗೂಸಿನ ಬಾಯಿಯ ಮುತ್ತುಗಳು

ಮನೆಯಲ್ಲಿ ಮಗು ಹುಟ್ಟಿತೆಂದರೆ ಹಿರಿಯರು ಅದರ ಮೈಯನ್ನು ಬಹಳ ಎಚ್ಚರದಿಂದ ನೋಡುವರು. ನೆತ್ತಿ ಹೇಗಿದೆ, ಹೊಕ್ಕುಳು ಒಣಗಿತೆ, ಕಣ್ಣು ಹಳದಿಯಾಯಿತೆ ಎಂದು ದಿನವೂ ವಿಚಾರಣೆ ನಡೆಯುವುದು. ಹೀಗೆ ನೋಡುತ್ತಿರುವಾಗ, ಮಗು ಅತ್ತಾಗಲೋ ಆಕಳಿಸಿದಾಗಲೋ, ಅದರ ಬಾಯೊಳಗೆ, ಮೇಲಣ ಅಂಗುಳಿನ ನಟ್ಟನಡುವೆ, ಸಾಸಿವೆಯಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಾದ ಬಿಳಿಯ ಕಾಳುಗಳು ಒಂದೆರಡು ಕಣ್ಣಿಗೆ ಬೀಳುವುದುಂಟು. ಕೆಲವು ವೇಳೆ ಒಸಡಿನ ಏಣಿನ ಮೇಲೆಯೂ ಅಂತಹವೇ ಕಾಣುವುವು. ಕೂಡಲೇ ಮನೆಯಲ್ಲಿ ಹಲವು ಮಾತು ಹುಟ್ಟುವುವು. ಹಾಲು ಹೆಪ್ಪುಗಟ್ಟಿದೆಯೆಂದು ಒಬ್ಬರು, ಹುಣ್ಣೆಂದು ಒಬ್ಬರು, ಹುಟ್ಟುತ್ತಲೇ ಹಲ್ಲು ಬಂದಿದೆ, ಇದು ಒಳ್ಳೆಯದಲ್ಲವೆಂದು ಇನ್ನೊಬ್ಬರು ಹೇಳುವರು. ಬಾಣಂತಿಗೆ ನಿದ್ದೆ ಹೋಗುವುದು.

ಈ ಕಾಳುಗಳು ರೋಗವಲ್ಲ. ಇವುಗಳಿಂದ ಮಗುವಿಗೆ ನೋವಿಲ್ಲ, ಹಾಲು ಕುಡಿಯುವುದಕ್ಕೆ ಅಡ್ಡಿಯಿಲ್ಲ. ಇವಕ್ಕೆ ಔಷಧವೂ ಬೇಕಿಲ್ಲ. ಕೆಲವು ವಾರಗಳಲ್ಲಿ ತಾವಾಗಿಯೇ ಕಾಣದೆಹೋಗುವುವು. ಇಷ್ಟನ್ನು ಹೇಳಿ ನಮ್ಮ ಮಾತನ್ನು ಮುಗಿಸಬಹುದಾಗಿತ್ತು. ಆದರೆ ಕಾರಣ ತಿಳಿಯದೆ ಬರಿಯ ಭರವಸೆಯಿಂದ ತಾಯಿಯ ಮನಸ್ಸಿಗೆ ಸಮಾಧಾನವಾಗುವುದು ಕಷ್ಟ. ಕಾರಣ ತಿಳಿಯದ ಕೈ ಸುಮ್ಮನಿರುವುದು ಅದಕ್ಕಿಂತಲೂ ಕಷ್ಟ. ಆದುದರಿಂದ ಇವು ಏಕೆ ಹುಟ್ಟುತ್ತವೆ, ಹೇಗೆ ಅಳಿಯುತ್ತವೆ, ಇವನ್ನು ಮುಟ್ಟಬಾರದೆನ್ನುವುದೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಪಾಠ ಹೇಳುವವರು. ಆದರೆ ಈ ವಿಷಯದ ಬೇರಿರುವುದು ಔಷಧಶಾಲೆಯಲ್ಲಲ್ಲ, ಗರ್ಭದಲ್ಲಿ ಶಿಶುವಿನ ಮುಖವು ರೂಪುಗೊಳ್ಳುವ ರೀತಿಯಲ್ಲಿ. ಆದುದರಿಂದ ನಮ್ಮ ಶಾಸ್ತ್ರಕ್ಕೂ ಇಲ್ಲಿ ಹೇಳತಕ್ಕ ಮಾತು ಸ್ವಲ್ಪ ಉಂಟು.

ಮೊದಲು ಈ ಕಾಳುಗಳ ಲಕ್ಷಣವನ್ನು ತಿಳಿಯೋಣ. ಇವುಗಳ ಗಾತ್ರ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರು. ಬಣ್ಣ ಬಿಳುಪು ಅಥವಾ ಹಾಲಿನ ಕೆನೆಯಂತಹ ಹಳದಿ ಬೆರೆತ ಬಿಳುಪು. ಮುಟ್ಟಿದರೆ ಗಟ್ಟಿಯಾಗಿ ತೋರುವುವು, ಒರಸಿದರೆ ಹೋಗುವುದಿಲ್ಲ. ಸುತ್ತಲೂ ಕೆಂಪಾಗಲಿ ಬಾವಾಗಲಿ ಇರುವುದಿಲ್ಲ. ಒಂದೇ ಇರಬಹುದು, ಐದಾರು ಒಟ್ಟಾಗಿಯೂ ಇರಬಹುದು. ಇವು ಅಪರೂಪವೂ ಅಲ್ಲ. ಹುಟ್ಟಿದ ನೂರು ಮಕ್ಕಳ ಬಾಯನ್ನು ಪರೀಕ್ಷಿಸಿದರೆ ಸುಮಾರು 60ರಿಂದ 85 ಮಕ್ಕಳಲ್ಲಿ ಇವು ದೊರೆಯುವುವೆಂದು ವೈದ್ಯಗ್ರಂಥಗಳು ಹೇಳುತ್ತವೆ. ದಿನ ತುಂಬುವ ಮುನ್ನ ಹುಟ್ಟಿದ ಮಕ್ಕಳಲ್ಲಿ ಕಡಮೆ, ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಅಂದಮೇಲೆ ಇವು ಇರುವುದೇ ಸಾಮಾನ್ಯ, ಇಲ್ಲದಿರುವುದೇ ವಿರಳ. ಆದರೂ ಜನ ಇವನ್ನು ಕಂಡು ಬೆರಗಾಗುವುದಕ್ಕೆ ಕಾರಣ, ಹಸುಗೂಸು ತನ್ನ ಅಂಗುಳನ್ನು ನಮಗೆ ತೋರಿಸುವ ಸಂದರ್ಭಗಳು ಬಹಳ ಸ್ವಲ್ಪ. ಕಂಡವರು ಕೆಲವರು, ಕಾಣದೆಯೇ ಬಂದು ಹೋದ ಮನೆಗಳು ಬಹಳ.

ಇವುಗಳಲ್ಲಿ ಮೂರು ಬಗೆಗಳನ್ನು ಹೇಳುವರು. ಅಂಗುಳಿನ ನಡುಗೆರೆಯ ಮೇಲೆ ಸಾಲಾಗಿ ಕೂತಿರುವುವು ಒಂದು ಬಗೆ. ಇವಕ್ಕೆ ಎಪ್‌ಸ್ಟೈನನ ಮುತ್ತುಗಳೆಂದು ಹೆಸರು. ಒಸಡಿನ ಹೊರಮೈ ಒಳಮೈಗಳ ಮೇಲೆಯೂ, ಅಂಗುಳಿನಲ್ಲಿ ನಡುಗೆರೆಯಿಂದ ದೂರವಾಗಿಯೂ ಚೆದರಿರುವುವು ಎರಡನೆಯ ಬಗೆ. ಇವು ಬೋನನ ಗಂಟುಗಳು. ಒಸಡಿನ ಏಣಿನ ಮೇಲೆಯೇ, ಮುಂದೆ ಹಲ್ಲು ಬರತಕ್ಕ ಜಾಗದಲ್ಲಿ, ಕಾಣುವುವು ಮೂರನೆಯ ಬಗೆ. ಹಲ್ಲುಗಳನ್ನು ಹುಟ್ಟಿಸುವ ಪಟ್ಟಿಯ ಉಳಿಕೆಯಿಂದ ಆದ ಗುಳ್ಳೆಗಳೆಂದು ಇವನ್ನು ಕರೆಯುವರು. ತಾಯಿಗೆ ಈ ಭೇದದಿಂದ ಆಗಬೇಕಾದುದೇನೂ ಇಲ್ಲ. ಮೂರೂ ಒಂದೇ ಸಮನಾಗಿ ನಿರಪಾಯವಾದುವು. ಆದರೆ ಮೂರೂ ಹುಟ್ಟುವ ಕಾರಣ ಬೇರೆ ಬೇರೆಯಾದುದರಿಂದ ಶಾಸ್ತ್ರಜ್ಞರು ಹೆಸರುಗಳನ್ನು ಬೇರೆಯಾಗಿಟ್ಟಿದ್ದಾರೆ.

ಈ ಹೆಸರುಗಳ ಹಿಂದೆ ಒಂದು ಚಿಕ್ಕ ಚರಿತ್ರೆಯಿದೆ. ಹೈನ್ರಿಖ್ ಬೋನ್ ಎಂಬಾತ ಆಗಿನ ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿದ್ದ ವೈದ್ಯ. ಮಕ್ಕಳ ಬಾಯಿಯ ರೋಗಗಳನ್ನು ಕುರಿತು 1866ರಲ್ಲಿ ಆತ ಬರೆದ ಗ್ರಂಥದಲ್ಲಿ ಈ ಗಂಟುಗಳ ಪ್ರಸ್ತಾಪವಿದೆ. ಇವು ಲೋಳೆಯನ್ನು ಒಸರುವ ಗ್ರಂಥಿಗಳಿಂದ ಆದುವೆಂದು ಆತನ ಅಭಿಪ್ರಾಯ. 1880ರಲ್ಲಿ ಪ್ರಾಗ್ ನಗರದ ಮಕ್ಕಳ ವೈದ್ಯ ಅಲೋಯಿಸ್ ಎಪ್‌ಸ್ಟೈನನು ಅಂಗುಳಿನ ನಡುಗೆರೆಯ ಮೇಲಣ ಕಾಳುಗಳನ್ನು ವಿವರಿಸಿದನು. ಇದಕ್ಕೂ ಬಹಳ ಹಿಂದೆ, 1817ರಲ್ಲಿಯೇ, ಫ್ರಾನ್ಸಿನ ಅಂಗರಚನಾಶಾಸ್ತ್ರಜ್ಞ ಸೆರ್ ಎಂಬಾತ ಒಸಡಿನೊಳಗಣ ಸಣ್ಣ ಉಳಿಕೆಗಳನ್ನು ಕಂಡು ಅವನ್ನು ಗ್ರಂಥಿಗಳೆಂದು ಎಣಿಸಿದ್ದನು. ಮುಂದೆ ಬಂದವರು ಈ ಹೆಸರುಗಳನ್ನು ಒಂದರ ಬದಲಿಗೆ ಒಂದಾಗಿ ಬಳಸಿ ಸಾಕಷ್ಟು ಗೊಂದಲವನ್ನುಂಟುಮಾಡಿದರು. 1967ರಲ್ಲಿ ಫ್ರಾಮ್ ಎಂಬ ದಂತವೈದ್ಯನು ಸಾವಿರಕ್ಕೂ ಹೆಚ್ಚು ಹಸುಗೂಸುಗಳ ಬಾಯನ್ನು ಪರೀಕ್ಷಿಸಿ, ಮೇಲೆ ಹೇಳಿದ ಮೂರು ಬಗೆಗಳನ್ನು ಜಾಗಕ್ಕೂ ಹುಟ್ಟಿಗೂ ಅನುಗುಣವಾಗಿ ವಿಂಗಡಿಸಿದನು. ಈಗ ಬಳಕೆಯಲ್ಲಿರುವುದು ಆ ವಿಂಗಡಣೆಯೇ.

ಇನ್ನು ಇವು ಹುಟ್ಟುವ ಬಗೆ. ಕೇಳುವವರು ಒಂದು ಸಣ್ಣ ಪ್ರಯೋಗವನ್ನು ಈಗಲೇ ಮಾಡಿನೋಡಬಹುದು. ನಾಲಗೆಯ ತುದಿಯನ್ನು ಮೇಲಕ್ಕೆತ್ತಿ, ಮುಂದಿನ ಹಲ್ಲುಗಳ ಹಿಂಬದಿಯಿಂದ ಅಂಗುಳಿನ ಮೇಲೆ ಹಿಂದಕ್ಕೆ ಎಳೆಯಿರಿ. ನಟ್ಟನಡುವೆ ಸಣ್ಣದೊಂದು ಏಣು ಅಥವಾ ಗೆರೆ ನಾಲಗೆಗೆ ತಗಲುವುದು. ಅದು ಹೊಲಿಗೆಯ ಗುರುತು. ನಮ್ಮ ಅಂಗುಳು ಒಂದೇ ಹಲಗೆಯಾಗಿ ಹುಟ್ಟಿದುದಲ್ಲ. ಎಡದಿಂದ ಒಂದು, ಬಲದಿಂದ ಒಂದು, ಹೀಗೆ ಎರಡು ತುಂಡುಗಳು ಬಂದು ನಡುವೆ ಕೂಡಿಕೊಂಡು ಆದುದು.

ಗರ್ಭ ನಿಂತ ಆರನೆಯ ವಾರದ ಹೊತ್ತಿಗೆ ಶಿಶುವಿಗೆ ಬಾಯಿಯೂ ಮೂಗೂ ಬೇರೆಬೇರೆಯಾಗಿರುವುದಿಲ್ಲ. ಎರಡೂ ಸೇರಿ ಒಂದೇ ಪೊಟರೆ. ಮೇಲ್ದವಡೆಯ ಎರಡು ಪಕ್ಕಗಳಿಂದಲೂ ಒಂದೊಂದು ದಿಂಡು ಹೊರಟು, ಮೊದಲು ನಾಲಗೆಯ ಎರಡು ಬದಿಗಳಲ್ಲಿ ಕೆಳಮುಖವಾಗಿ ಬೆಳೆಯುವುದು. ಆಗ ನಾಲಗೆಯು ಆ ಪೊಟರೆಯನ್ನೆಲ್ಲ ತುಂಬಿಕೊಂಡಿರುವುದರಿಂದ ದಿಂಡುಗಳಿಗೆ ಒಂದನ್ನೊಂದು ಸೇರಲು ಎಡೆಯಿಲ್ಲ. ಎಂಟನೆಯ ವಾರದ ಸುಮಾರಿಗೆ ಕೆಳದವಡೆ ಬೆಳೆದು ನಾಲಗೆಯು ಕೆಳಗಿಳಿಯುವುದು. ಕೂಡಲೇ ಎರಡು ದಿಂಡುಗಳೂ ಮೇಲಕ್ಕೆದ್ದು ಮಟ್ಟವಾಗಿ ಚಾಚಿ, ನಾಲಗೆಯ ಮೇಲ್ಗಡೆ ಎದುರುಬದುರಾಗಿ ಬಂದು ತಾಗುವುವು. ತಾಗಿದ ಅಂಚು ಮುಂದಿನಿಂದ ಹಿಂದಕ್ಕೆ ಕ್ರಮವಾಗಿ ಬೆಸೆದುಕೊಳ್ಳುತ್ತ ಹೋಗಿ, ಹನ್ನೆರಡನೆಯ ವಾರದ ಹೊತ್ತಿಗೆ ಅಂಗುಳು ಪೂರ್ಣವಾಗುವುದು. ಮೂಗು ಮೇಲೆ, ಬಾಯಿ ಕೆಳಗೆ ಎಂಬ ಏರ್ಪಾಡು ಅಂದಿನಿಂದ ನಿಲ್ಲುವುದು. ಹಾಲನ್ನು ಎಳೆದು ಕುಡಿಯುತ್ತಲೇ ಉಸಿರಾಡಬೇಕಾದ ಶಿಶುವಿಗೆ ಈ ಏರ್ಪಾಡು ಎಷ್ಟು ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ. ಮೊಲೆಹಾಲಿನ ಅಗತ್ಯವಿಲ್ಲದ ಹಕ್ಕಿಗಳಲ್ಲಿ ಈ ಹೊಲಿಗೆ ಪೂರ್ತಿಯಾಗುವುದೇ ಇಲ್ಲ. ಕೋಳಿಯ ಅಂಗುಳಿನ ನಡುವೆ ಜೀವವಿರುವವರೆಗೂ ಒಂದು ಸೀಳು ತೆರೆದಿರುತ್ತದೆ.

ಬೆಸುಗೆಯ ಕೆಲಸದಲ್ಲಿ ಒಂದು ತೊಡಕುಂಟು. ಎರಡು ದಿಂಡುಗಳಿಗೂ ಮೇಲೆ ತೆಳುವಾದ ಹೊದಿಕೆಯ ಪೊರೆಯಿದೆ. ಹೊದಿಕೆಗೆ ಹೊದಿಕೆ ತಾಗಿದ ಮಾತ್ರಕ್ಕೆ ಒಳಗಿನ ಮಾಂಸ ಒಂದಾಗಲಾರದು. ಆದುದರಿಂದ ಎರಡು ಅಂಚುಗಳ ಹೊದಿಕೆಗಳು ಮೊದಲು ಒಂದಕ್ಕೊಂದು ಅಂಟಿ ಒಂದು ಹೊಲಿಗೆಯ ಗೋಡೆಯಾಗುವುವು. ಅನಂತರ ಆ ಗೋಡೆಯೇ ಕರಗಬೇಕು. ಅದರ ಜೀವಕಣಗಳಲ್ಲಿ ಹಲವು ಅಲ್ಲಿಯೇ ಸಾಯುತ್ತವೆ. ಕೆಲವು ಮೇಲಕ್ಕೂ ಕೆಳಕ್ಕೂ ಸರಿದುಹೋಗುತ್ತವೆ. ಗೋಡೆಯು ಬಿರಿದು ತುಂಡಾಗಿ ಅಳಿದಮೇಲೆ ಎಡಬಲಗಳ ಮಾಂಸ ಏಕವಾಗುವುದು. ಇಷ್ಟು ದೊಡ್ಡ ಕೆಲಸದಲ್ಲಿ ಅಲ್ಲಲ್ಲಿ ಹೊದಿಕೆಯ ಜೀವಕಣಗಳ ಒಂದೊಂದು ಗುಂಪು ಕರಗದೆ ಉಳಿದು, ಸುತ್ತಲ ಮಾಂಸದೊಳಗೆ ಸಿಕ್ಕಿಕೊಳ್ಳುವುದು. ಎರಡು ಕಡೆಯಿಂದ ಗಾರೆ ತಟ್ಟುವಾಗ ನಡುವೆ ಸಿಕ್ಕಿಕೊಂಡ ಹಳೆಯ ಮಣ್ಣಿನ ಹೆಂಟೆಯಂತೆ ಇದು. ಹೀಗೆ ಸಿಕ್ಕಿಕೊಂಡ ಗುಂಪುಗಳೇ ಮುಂದೆ ಎಪ್‌ಸ್ಟೈನನ ಮುತ್ತುಗಳಾಗುವುವು.

ಇದರಿಂದ ಹೊರಡುವ ಒಂದು ಅರ್ಥವನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಕೆಲವು ಶಿಶುಗಳಲ್ಲಿ ಈ ಬೆಸುಗೆ ಆಗುವುದಿಲ್ಲ. ಆಗ ಮಗು ಸೀಳಂಗುಳಿನೊಡನೆ ಹುಟ್ಟುವುದು. ತುಟಿಯಾಗಲಿ ಅಂಗುಳಾಗಲಿ ಅಥವಾ ಎರಡೂ ಆಗಲಿ ಸೀಳಿರುವ ಮಕ್ಕಳು ಜಗತ್ತಿನಲ್ಲಿ ಸುಮಾರು 700 ಹೆರಿಗೆಗಳಿಗೆ ಒಂದರಂತೆ ಹುಟ್ಟುತ್ತವೆಂದು ಲೆಕ್ಕ. ಅಂತಹ ಮಗುವಿಗೆ ಹಾಲು ಕುಡಿಸುವುದೇ ಪ್ರಯಾಸ. ಶಸ್ತ್ರಚಿಕಿತ್ಸೆಯಿಂದ ಅದನ್ನು ಈಗ ಚೆನ್ನಾಗಿ ಸರಿಪಡಿಸುತ್ತಾರೆಂಬುದು ಸಮಾಧಾನದ ಮಾತು. ಅಂಗುಳಿನ ನಡುಗೆರೆಯ ಮೇಲೆ ಮುತ್ತು ಕಂಡಿತೆಂದರೆ, ಆ ಜಾಗದಲ್ಲಿ ಎರಡು ದಿಂಡುಗಳು ಬಂದು ಸರಿಯಾಗಿ ಕೂಡಿಕೊಂಡುವೆಂದು ತಿಳಿಯಬೇಕು. ಹೆದರಿಕೆಯ ಗುರುತೆಂದು ಮನೆಯವರು ಎಣಿಸಿದುದು, ಕೆಲಸ ನೆಟ್ಟಗೆ ಮುಗಿದುದರ ಗುರುತು.

ಒಸಡಿನ ಮೇಲಿನ ಗುಳ್ಳೆಗಳ ಕಥೆಯೂ ಇದಕ್ಕೆ ಹತ್ತಿರವಾದುದೇ. ಆರನೆಯ ವಾರದಲ್ಲಿ ಮೇಲ್ದವಡೆ ಕೆಳದವಡೆಗಳ ಹೊದಿಕೆಯಿಂದ ಕುದುರೆಯ ಲಾಳದ ಆಕಾರದಲ್ಲಿ ಒಂದು ಪಟ್ಟಿ ಒಳಕ್ಕೆ ಇಳಿಯುವುದು. ಆ ಪಟ್ಟಿಯಲ್ಲಿ ದವಡೆಗೆ ಹತ್ತರಂತೆ ಮೊಗ್ಗುಗಳು ಮೂಡಿ, ಅವೇ ಮುಂದೆ ಇಪ್ಪತ್ತು ಹಾಲುಹಲ್ಲುಗಳಾಗುವುವು. ಮೊಗ್ಗು ಮೂಡಿದಮೇಲೆ ಪಟ್ಟಿಯ ಕೆಲಸ ತೀರಿತು. ಅದು ಚೂರುಚೂರಾಗಿ ಅಳಿಯುವುದು. ಅಳಿಯದೆ ಉಳಿದ ಚೂರುಗಳು ಒಸಡಿನಲ್ಲಿ ಗುಳ್ಳೆಗಳಾಗಿ ಕಾಣುವುವು. ಸೆರ್ ಎಂಬಾತ ಗ್ರಂಥಿಯೆಂದು ಭಾವಿಸಿದ್ದು ಈ ಚೂರುಗಳನ್ನೇ. ಬೋನನ ಗಂಟುಗಳು ಮಾತ್ರ, ಆತನು ಊಹಿಸಿದಂತೆಯೇ, ಲೋಳೆಯ ಗ್ರಂಥಿಗಳ ಉಳಿಕೆಯಿಂದ ಆದುವೆಂದು ಇಂದಿಗೂ ಗ್ರಂಥಗಳಲ್ಲಿ ಹೇಳುವ ವಾಡಿಕೆಯಿದೆ.

ಈ ಉಳಿಕೆಗಳು ಬೆಳ್ಳಗಿರುವುದೇಕೆ? ನಮ್ಮ ಮೈಯ ಹೊದಿಕೆಯ ಜೀವಕಣಗಳಿಗೆ ಒಂದು ಸಹಜವಾದ ವೃತ್ತಿಯಿದೆ. ಅವು ಹುಟ್ಟಿ, ಮೇಲಕ್ಕೆ ಸರಿದು, ಕೆರಟಿನ್ ಎಂಬ ಗಟ್ಟಿ ಪದಾರ್ಥದಿಂದ ತುಂಬಿ, ಸತ್ತು, ಹೊಟ್ಟಾಗಿ ಉದುರುವುವು. ಉಗುರು ಕೂದಲುಗಳಲ್ಲಿರುವುದೂ ಕೆರಟಿನ್ನೇ. ಮೈಯ ಮೇಲಾದರೆ ಆ ಹೊಟ್ಟು ಸ್ನಾನದಲ್ಲಿ ಹೋಗಿಬಿಡುವುದು. ಮಾಂಸದೊಳಗೆ ಸಿಕ್ಕಿಬಿದ್ದ ಗುಂಪಿಗೆ ಹೊರದಾರಿಯಿಲ್ಲ. ಸುತ್ತಲೂ ತೆಳ್ಳನೆಯ ಪೊರೆ, ಒಳಗೆ ಪದರಪದರವಾಗಿ ಕೂಡಿದ ಕೆರಟಿನ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಡ್ಡಲಾಗಿ ಕೊಯ್ದ ಈರುಳ್ಳಿಯಂತೆ ಕಾಣುವುದು. ಮಗುವಿನ ಮೂಗು ಕೆನ್ನೆಗಳ ಮೇಲೆ ಹುಟ್ಟಿದ ಹೊಸದರಲ್ಲಿ ಕಾಣುವ ಬಿಳಿಯ ಸಣ್ಣ ಬೊಕ್ಕೆಗಳನ್ನು ಎಲ್ಲರೂ ಬಲ್ಲರು. ಅವುಗಳೊಳಗಿರುವುದೂ ಇದೇ ಪದಾರ್ಥ. ಅವನ್ನು ಕಂಡು ಯಾರೂ ಹೆದರುವುದಿಲ್ಲ; ಅವುಗಳ ದಾಯಾದಿ ಬಾಯೊಳಗೆ ಕಂಡರೆ ಮಾತ್ರ ಹೆದರುವರು.

ಅಳಿಯುವ ಬಗೆಯೂ ಸರಳವೇ. ಮುತ್ತು ಇರುವುದು ಮೇಲ್ಮೈಗೆ ಬಹಳ ಹತ್ತಿರದಲ್ಲಿ. ಮಗು ಹಾಲನ್ನು ಎಳೆಯುವಾಗ ನಾಲಗೆಯೂ ಮೊಲೆತೊಟ್ಟೂ ಅಂಗುಳನ್ನು ಮತ್ತೆ ಮತ್ತೆ ಒತ್ತುವುವು. ಕಾಲಕ್ರಮದಲ್ಲಿ ಗುಳ್ಳೆಯ ಪೊರೆ ಬಾಯಿಯ ಹೊದಿಕೆಯೊಡನೆ ಸೇರಿ ತೆರೆದುಕೊಂಡು, ಒಳಗಿನ ಕೆರಟಿನ್ ಹೊರಬಿದ್ದು, ಹಾಲಿನೊಡನೆ ಹೊಟ್ಟೆಗೆ ಹೋಗುವುದು. ಅದರಿಂದ ಯಾವ ಕೇಡೂ ಇಲ್ಲ. ಬಹುಪಾಲು ಮುತ್ತುಗಳು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳ ಸುಮಾರಿಗೆ, ಕಾಣದಾಗುವುವು. ಗುರುತೂ ಉಳಿಯುವುದಿಲ್ಲ. ಮುಂದೆ ಬರುವ ಹಲ್ಲುಗಳಿಗೂ ಇವುಗಳಿಂದ ಬಾಧೆಯಿಲ್ಲ.

ಇಷ್ಟು ನಿರಪಾಯವಾದ ವಸ್ತುವನ್ನು ಕುರಿತು ಮಾತನಾಡುವ ಅಗತ್ಯವೇನು ಎಂದು ಕೇಳಬಹುದು. ಅಪಾಯವು ಮುತ್ತಿನಿಂದಲ್ಲ, ಮುತ್ತನ್ನು ಕಂಡವರಿಂದ. ಅದು ಎರಡು ಬಗೆಯಾಗಿ ಬರುವುದು. ಒಂದು, ಮಾಡಬಾರದುದನ್ನು ಮಾಡುವುದು. ಇನ್ನೊಂದು, ಇಲ್ಲದ ತಪ್ಪನ್ನು ಮುತ್ತಿನ ಮೇಲೆ ಹೊರಿಸಿ, ಮಾಡಬೇಕಾದುದನ್ನು ಬಿಡುವುದು.

ಮೊದಲನೆಯದನ್ನು ನೋಡೋಣ. ಗುಳ್ಳೆಯನ್ನು ಕಂಡರೆ ಒಡೆಯಬೇಕೆನ್ನುವುದು ಮನುಷ್ಯರ ಕೈಗೆ ಸಹಜವಾದ ಆಸೆ. ಸೂಜಿಯಿಂದ ಚುಚ್ಚುವುದು, ಉಗುರಿನಿಂದ ಕೀಳುವುದು, ಬಟ್ಟೆಗೆ ಉಪ್ಪು ಸವರಿ ತಿಕ್ಕುವುದು, ಹೀಗೆ ಯಾವುದನ್ನು ಮಾಡಿದರೂ ಬಾಯಿಯ ಎಳೆಯ ಹೊದಿಕೆ ಹರಿದು ಗಾಯವಾಗುವುದು. ಹುಟ್ಟಿದ ಹೊಸದರಲ್ಲಿ ಮಗುವಿನ ಮೈಯಲ್ಲಿ ಕೆ ಜೀವಸತ್ವ ಬಹಳ ಕಡಮೆ. ರಕ್ತ ಹೆಪ್ಪುಗಟ್ಟುವುದಕ್ಕೆ ಅದು ಬೇಕು. ಹುಟ್ಟಿದ ಮಗುವಿಗೆ ಆಸ್ಪತ್ರೆಗಳಲ್ಲಿ ಒಂದು ಚುಚ್ಚುಮದ್ದು ಕೊಡುವುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ. ಆ ಮದ್ದು ದೊರೆಯದ ಮಗುವಿನ ಬಾಯಲ್ಲಿ ಸಣ್ಣ ಗಾಯದಿಂದಲೂ ನಿಲ್ಲದೆ ರಕ್ತ ಸುರಿಯಬಹುದು. ಗಾಯದ ಮೂಲಕ ರೋಗಾಣುಗಳು ರಕ್ತವನ್ನು ಸೇರಿದರೆ ಹಸುಗೂಸಿಗೆ ಅದನ್ನು ಎದುರಿಸುವ ಬಲವೂ ಸಾಲದು.

ಚುಚ್ಚದಿದ್ದರೂ ಒರಸುವ ಅಭ್ಯಾಸವುಂಟು. ನಮ್ಮ ಕಡೆ ಕೆಲವು ಮನೆಗಳಲ್ಲಿ ಮಗುವಿಗೆ ಎರೆಯುವಾಗ ಬಾಯಿಗೆ ಬೆರಳಿಟ್ಟು ಅಂಗುಳನ್ನು ಮೇಲಕ್ಕೆ ಒತ್ತುವುದೂ, ಗಂಟಲವರೆಗೆ ಬೆರಳಾಡಿಸಿ ಕಫ ತೆಗೆಯುವುದೂ ನಡೆಯುತ್ತದೆ. ಯೂರೋಪಿನಲ್ಲಿಯೂ ಹಿಂದೆ ಇಂತಹುದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಯೆನ್ನಾ ನಗರದ ವೈದ್ಯ ಬೆಡ್ನಾರನು ಹಸುಗೂಸುಗಳ ಅಂಗುಳಿನ ಹಿಂಭಾಗದಲ್ಲಿ ಎರಡು ಕಡೆಯೂ ಸಮನಾಗಿ ಏಳುವ ಹುಣ್ಣುಗಳನ್ನು ವರ್ಣಿಸಿದನು. ಅವು ಮುಖ್ಯವಾಗಿ ಬಾಯನ್ನು ಒರಸುವುದರಿಂದಲೂ ಗಡುಸಾದ ತೊಟ್ಟುಗಳ ಉಜ್ಜುವಿಕೆಯಿಂದಲೂ ಆಗುವ ಹುಣ್ಣುಗಳೆಂದು ಮುಂದೆ ತಿಳಿದುಬಂತು. ಶುಚಿಮಾಡುವ ಕೈಯೇ ಹುಣ್ಣನ್ನು ತಂದಿತ್ತು.

ಮೂರನೆಯದು ಲೇಪಗಳು. ಜೇನುತುಪ್ಪ, ಬಿಳಿಗಾರ, ಎರಡರ ಬೆರಕೆ, ಇವನ್ನು ಮಕ್ಕಳ ಬಾಯಿಗೆ ಸವರುವುದು ನಮ್ಮಲ್ಲಿ ಮಾತ್ರವಲ್ಲ, ಇಂಗ್ಲೆಂಡಿನಲ್ಲಿಯೂ ಬಹುಕಾಲ ನಡೆದು ಬಂದ ಪದ್ಧತಿ. ಬಿಳಿಗಾರವು ಮಗುವಿನ ಮೈಯಲ್ಲಿ ಕೂಡಿಕೊಂಡು ಸೆಳವನ್ನು ತರಬಲ್ಲದೆಂದು ಈಗ ಚೆನ್ನಾಗಿ ತಿಳಿದಿದೆ. ಜೇನುತುಪ್ಪದಲ್ಲಿ ಬಾಟುಲಿಸಮ್ ಎಂಬ ರೋಗದ ಬೀಜಗಳು ಇರುವುದುಂಟು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ಹಸುಗೂಸಿನ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಉತ್ಪತ್ತಿಮಾಡಬಲ್ಲುವು. ಮಕ್ಕಳಲ್ಲಿ ಈ ರೋಗವನ್ನು ಗುರುತಿಸಿದುದು 1976ರಲ್ಲಿ. ಅಂದಿನಿಂದ, ವರುಷ ತುಂಬುವವರೆಗೆ ಮಗುವಿಗೆ ಜೇನುತುಪ್ಪವನ್ನು ಕೊಡಬಾರದೆಂದು ವೈದ್ಯರು ಸಾರುತ್ತಿದ್ದಾರೆ. ಅಂಗಡಿಯಲ್ಲಿ ದೊರೆಯುವ, ಒಸಡನ್ನು ಮರಗಟ್ಟಿಸುವ ಲೇಪಗಳೂ ಇವಕ್ಕಿಂತ ಮೇಲಲ್ಲ. ಅವುಗಳಲ್ಲಿ ಕೆಲವದರಲ್ಲಿರುವ ಬೆಂಜೊಕೇನ್ ಎಂಬ ವಸ್ತುವು ಮಗುವಿನ ರಕ್ತಕ್ಕೆ ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನೇ ಕುಂದಿಸಬಹುದಾದುದರಿಂದ, ಎರಡು ವರುಷದೊಳಗಿನ ಮಕ್ಕಳಿಗೆ ಅದನ್ನು ಬಳಸಬಾರದೆಂದು ಅಮೆರಿಕದ ಸರ್ಕಾರದ ಔಷಧ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿತು. ಹಳ್ಳಿಯ ಅಜ್ಜಿಯ ಮದ್ದನ್ನು ನೋಡಿ ನಗುವ ನಾವು ವಿದ್ಯಾವಂತರು, ಅಂದವಾದ ಕೊಳವೆಯಲ್ಲಿ ಬಂದ ಮದ್ದನ್ನು ಯೋಚಿಸದೆ ಕೊಳ್ಳುವುದುಂಟು.

ಎರಡನೆಯ ಬಗೆಯ ಅಪಾಯ ಇದಕ್ಕಿಂತಲೂ ಹೆಚ್ಚಿನದು. ಮಗುವಿನ ಬಾಯಿಯನ್ನು ಅದರ ಎಲ್ಲ ಕಾಯಿಲೆಗಳಿಗೂ ಮೂಲವೆಂದು ಎಣಿಸುವುದು ಬಹಳ ಹಳೆಯ ತಪ್ಪು. ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಹದಿನಾರನೆಯ ಶತಮಾನದಲ್ಲಿ, ಹಲ್ಲು ಹೊರಡಲಾರದೆ ಮಗು ಸಾಯುವುದುಂಟೆಂದು ನಂಬಿ ಒಸಡನ್ನು ಕೊಯ್ಯುವುದನ್ನು ವಿಧಿಸಿದನು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಜಾನ್ ಹಂಟರನಂತಹ ಮಹಾಶಾಸ್ತ್ರಜ್ಞನೂ ಅದನ್ನೇ ಸಮರ್ಥಿಸಿದನು. ಜ್ವರ, ಭೇದಿ, ಸೆಳವು, ಎಲ್ಲಕ್ಕೂ ಒಸಡೇ ಕಾರಣ, ಚೂರಿಯೇ ಮದ್ದು! ಮುಂದೆ ಚೂರಿಯ ಜಾಗದಲ್ಲಿ ಪುಡಿಗಳು ಬಂದುವು. ಇಂಗ್ಲೆಂಡಿನಲ್ಲಿ ಮಾರುತ್ತಿದ್ದ ಹಲ್ಲಿನ ಪುಡಿಗಳಲ್ಲಿ ಕ್ಯಾಲೊಮೆಲ್ ಎಂಬ ಪಾದರಸದ ಲವಣವಿತ್ತು. ಕೈಕಾಲು ಕೆಂಪಾಗಿ, ಚರ್ಮ ಸುಲಿದು, ಹಗಲಿರುಳು ನರಳುವ ಒಂದು ರೋಗವು ಅಲ್ಲಿನ ಮಕ್ಕಳನ್ನು ಕಾಡುತ್ತಿತ್ತು. ಅದರ ಕಾರಣ ಬಹುಕಾಲ ತಿಳಿಯಲಿಲ್ಲ. 1940ರ ದಶಕದಲ್ಲಿ ಅಮೆರಿಕದ ವಾರ್ಕನಿ ಎಂಬ ವೈದ್ಯನು ಅಂತಹ ಮಗುವಿನ ಮೂತ್ರದಲ್ಲಿ ಪಾದರಸವನ್ನು ಕಂಡುಹಿಡಿದನು. 1954ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ಆ ಪುಡಿಗಳು ಹೋದುವು. ಕೆಲವೇ ವರುಷಗಳಲ್ಲಿ ಆ ರೋಗವೂ ಬಹುಮಟ್ಟಿಗೆ ಹೋಯಿತು.

ಇದು ಕಳೆದುಹೋದ ಕಥೆಯೆಂದು ನಿಟ್ಟುಸಿರು ಬಿಡುವಂತಿಲ್ಲ. ಪೂರ್ವ ಆಫ್ರಿಕದ ಇಥಿಯೋಪಿಯ, ಉಗಾಂಡ, ಟಾಂಜಾನಿಯ ಮೊದಲಾದ ದೇಶಗಳ ಕೆಲವು ಭಾಗಗಳಲ್ಲಿ, ಭೇದಿ ಜ್ವರಗಳಿಂದ ನರಳುವ ಮಗುವಿನ ಒಸಡಿನಲ್ಲಿ ಕಾಣುವ ಬಿಳಿಯ ಉಬ್ಬನ್ನು ಕೆಟ್ಟ ಹಲ್ಲೆಂದೋ ಹುಳುವೆಂದೋ ತಿಳಿದು, ನಾಟಿವೈದ್ಯರು ಸೈಕಲ್ಲಿನ ಕಡ್ಡಿಯಂತಹ ಮೊನೆಯಿಂದ ಅದನ್ನು ಅಗೆದು ತೆಗೆಯುವರು. ಹೊರಬರುವುದು ಇನ್ನೂ ಬಲಿಯದ ಹಾಲುಹಲ್ಲಿನ ಮೊಗ್ಗು. ರಕ್ತ ಸೋರಿಯೂ ನಂಜೇರಿಯೂ ಸತ್ತ ಮಕ್ಕಳುಂಟು. ಬದುಕಿದವರಲ್ಲಿ ಹಲವರಿಗೆ ಶಾಶ್ವತವಾದ ಹಲ್ಲು ಕೆಡುವುದು. ಮಗುವಿಗೆ ಬೇಕಾಗಿದ್ದುದು ಭೇದಿಗೆ ತಕ್ಕ ಉಪಚಾರ, ಅಂದರೆ ಕಳೆದ ನೀರನ್ನೂ ಉಪ್ಪನ್ನೂ ಮರಳಿ ಕೊಡುವುದು. ಕಣ್ಣಿಗೆ ಬಿದ್ದ ಬಿಳಿಯ ಚುಕ್ಕೆಯ ಮೇಲೆ ಎಲ್ಲರ ಗಮನವೂ ಹೋದುದರಿಂದ, ಕಣ್ಣಿಗೆ ಕಾಣದ ರೋಗ ತನ್ನ ಕೆಲಸವನ್ನು ಮಾಡಿಕೊಂಡುಹೋಯಿತು.

ನಮ್ಮ ಮನೆಗಳಲ್ಲಿ ಇಷ್ಟು ಘೋರವಾದುದು ನಡೆಯುವುದಿಲ್ಲ. ಆದರೂ ಆ ಯೋಚನೆಯ ದಾರಿ ನಮಗೆ ಅಪರಿಚಿತವಲ್ಲ. ಎರಡು ವಾರದ ಮಗು ಹಾಲನ್ನು ಬಿಟ್ಟಿತು. ಬಾಯಲ್ಲಿ ಬೊಕ್ಕೆಯಿದೆ, ಅದರಿಂದ ಬಿಟ್ಟಿದೆ, ವಾಸಿಯಾದರೆ ಕುಡಿದೀತು ಎಂದು ಎರಡು ದಿನ ಕಾಯುವುದು ನಮ್ಮಲ್ಲಿಯೂ ಆಗಬಹುದು. ಎಪ್‌ಸ್ಟೈನನ ಮುತ್ತಿನಿಂದ ಯಾವ ಮಗುವೂ ಹಾಲನ್ನು ಬಿಡುವುದಿಲ್ಲ. ಹಸುಗೂಸು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಸಿರಾಟ ಕಷ್ಟವಾದರೆ, ಕಾರಣ ಬೇರೆಯಿದೆಯೆಂದು ತಿಳಿದು ಗಂಟೆಗಳಲ್ಲಿಯೇ ವೈದ್ಯರ ಬಳಿಗೆ ಒಯ್ಯಬೇಕು. ಈ ಉಪನ್ಯಾಸದಲ್ಲಿ ಮರೆಯಬಾರದ ಮಾತು ಒಂದಿದ್ದರೆ ಅದು ಇದು.

ಮುತ್ತಿನಂತೆ ತೋರಿ ಬೇರೆಯಾಗಿರುವುವೂ ಕೆಲವುಂಟು. ಹಾಲಿನ ಗಸಿಯಾದರೆ ನಾಲಗೆಯ ಮೇಲಿರುವುದು, ಒರಸಿದರೆ ಹೋಗುವುದು. ಕ್ಯಾಂಡಿಡ ಎಂಬ ಬೂಷ್ಟಿನಿಂದ ಆಗುವ ಬಾಯಿಹುಣ್ಣು ಮೊಸರಿನ ಚೂರುಗಳಂತೆ ನಾಲಗೆ ಕೆನ್ನೆಗಳ ಒಳಮೈಯನ್ನು ಹಬ್ಬುವುದು. ಸುಲಭವಾಗಿ ಏಳುವುದಿಲ್ಲ, ಎದ್ದರೆ ಕೆಳಗೆ ಕೆಂಪಾಗಿ ಕಾಣುವುದು. ಇದಕ್ಕೆ ಔಷಧವುಂಟು, ವೈದ್ಯರು ಕೊಡುವರು. ಹುಟ್ಟುವಾಗಲೇ ನಿಜವಾದ ಹಲ್ಲಿರುವ ಮಕ್ಕಳು ಎರಡು ಮೂರು ಸಾವಿರಕ್ಕೆ ಒಂದು. ಅದು ಬಹುಶಃ ಕೆಳದವಡೆಯ ಮುಂದಿನ ಹಲ್ಲು. ಸಾಮಾನ್ಯವಾಗಿ ಅದು ಅವಸರಪಟ್ಟು ಬಂದ ಹಾಲುಹಲ್ಲೇ ಹೊರತು ಹೆಚ್ಚಿನ ಹಲ್ಲಲ್ಲ, ಅಪಶಕುನವಂತೂ ಅಲ್ಲ. ಸಡಿಲವಾಗಿದ್ದರೆ ಅಥವಾ ನಾಲಗೆಯನ್ನು ಕೊರೆಯುತ್ತಿದ್ದರೆ ದಂತವೈದ್ಯರು ನೋಡಿ ತೀರ್ಮಾನಿಸಬೇಕು, ಮನೆಯಲ್ಲಿ ಕೀಳಬಾರದು. ನಾಲಗೆಯ ಅಡಿಯಲ್ಲಿ ನೀಲಿಯ ಛಾಯೆಯ ಊತ, ಒಸಡಿನಿಂದ ಹೊರಟ ಕೆಂಪು ಮಾಂಸದ ಗಂಟು, ದಿನದಿನಕ್ಕೆ ಬೆಳೆಯುವ ಅಥವಾ ರಕ್ತ ಒಸರುವ ಗುಳ್ಳೆ, ಮೂರು ತಿಂಗಳಾದರೂ ಹೋಗದ ಬಿಳಿಯ ಕಾಳು, ಇವನ್ನು ವೈದ್ಯರಿಗೆ ತೋರಿಸಬೇಕು. ಸಂದೇಹವಿದ್ದರೆ ಮೊದಲ ದಿನವೇ ತೋರಿಸಿದರೂ ಚಿಂತೆಯಿಲ್ಲ. ಬಲ್ಲವರು ನೋಡಿ, ಇದು ಮುತ್ತು, ಬಿಡಿ ಎಂದರೆ ಮನಸ್ಸಿಗೆ ಹಗುರ.

ಕೊನೆಯದಾಗಿ ಮನೆಯ ಹಿರಿಯರ ವಿಷಯ. ಮಗುವಿನ ಬಾಯನ್ನು ಮೊದಲು ನೋಡುವವರೂ ಮೊದಲು ಗಾಬರಿಪಡುವವರೂ ಅವರೇ. ಅವರ ಕಾಲದಲ್ಲಿ ಮಕ್ಕಳು ಕೈಬಿಟ್ಟುಹೋಗುವುದು ಸಾಮಾನ್ಯವಾಗಿದ್ದುದರಿಂದ ಯಾವ ಗುರುತನ್ನೂ ಅವರು ಅಲಕ್ಷ್ಯಮಾಡುವಂತಿರಲಿಲ್ಲ. ಆ ಎಚ್ಚರವನ್ನು ನಾವು ಹಳಿಯಬಾರದು. ನೋಡುವ ಕಣ್ಣು ಮನೆಗೆ ಬೇಕು. ಆದರೆ ಕಣ್ಣು ನೋಡಿದುದನ್ನು ಕೈ ತಿದ್ದಲೇಬೇಕೆಂಬ ನಿಯಮವಿಲ್ಲ. ಎದುರುವಾದ ಮಾಡಿ ಅವರನ್ನು ನೋಯಿಸುವುದಕ್ಕಿಂತ, ನಾಲಗೆಯನ್ನು ಅಂಗುಳಿಗೆ ತಾಗಿಸಿ ನಡುಗೆರೆಯನ್ನು ನೋಡಿಕೊಳ್ಳುವಂತೆ ಹೇಳಿ, ಮಗುವಿನ ಅಂಗುಳೂ ಹೀಗೆಯೇ ಎರಡು ಕಡೆಯಿಂದ ಕೂಡಿಕೊಂಡಿತು, ಕೂಡಿದ ಜಾಗದಲ್ಲಿ ಎರಡು ಕಾಳು ಉಳಿದಿವೆ, ಹಾಲು ಕುಡಿಯುತ್ತ ಕುಡಿಯುತ್ತ ತಾವೇ ಹೋಗುವುವು ಎಂದು ವಿವರಿಸಿದರೆ ಅವರೂ ಒಪ್ಪುವರು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಮಗುವಿನ ಬಾಯಿಗೆ ಹೋಗಲಿ. ಬೆರಳು, ಬಟ್ಟೆ, ಲೇಪ, ಪುಡಿ ಇವು ದೂರವಿರಲಿ. ಬಿಳಿಯ ಕಾಳುಗಳನ್ನು ಬೇಕಾದರೆ ವಾರಕ್ಕೊಮ್ಮೆ ನೋಡಿಕೊಳ್ಳಿ. ಮಗುವಿಗೆ ಮೂರು ತಿಂಗಳಾಗುವ ವೇಳೆಗೆ ಹುಡುಕಿದರೂ ಅವು ಸಿಕ್ಕುವುದು ಅಪರೂಪ.